ಕ್ಯಾರವಾನ್ ಚಾವಣಿಯ ಎಸಿಯಿಂದ ನೀರು ಸೋರುತ್ತಿದೆಯೇ? ಮೂಲ ಪತ್ತೆಹಚ್ಚಿ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಮೋಟರ್‌ಹೋಮ್‌ನ ಚಾವಣಿಯ ಮೇಲೆ ಕೂರಿಸಿದ ಎಸಿಯಿಂದ ಒಳಗೆ ನೀರು ತೊಟ್ಟಿಕ್ಕಿದಾಗ ಬಹುತೇಕ ಎಲ್ಲರೂ ಮೊದಲು ಮಾಡುವ ಕೆಲಸ ಒಂದೇ. ಏಣಿ ಹಾಕಿ ಮೇಲೆ ಹತ್ತುತ್ತಾರೆ, ಎಸಿಯ ಬುಡದ ಸುತ್ತ ಸಿಲಿಕೋನ್ ಬಳಿದು ಇಳಿಯುತ್ತಾರೆ. ನಾಲ್ಕು ದಿನ ಸೋರಿಕೆ ನಿಂತಂತೆ ಕಾಣುತ್ತದೆ. ಮುಂದಿನ ಪ್ರವಾಸದಲ್ಲಿ ಹಾಸಿಗೆಯ ಮೇಲೆ ಮೊದಲಿಗಿಂತ ಹೆಚ್ಚು ನೀರು ಬೀಳುತ್ತದೆ. ಎಸಿಯ ಬುಡ ಇರುವುದೇ ನೀರು ಹೊರಹೋಗಲಿಕ್ಕೆ. ಆ ದಾರಿಯನ್ನು ಮುಚ್ಚಿದರೆ ನೀರಿಗೆ ಉಳಿಯುವುದು ಒಳಗಿನ ದಾರಿ ಮಾತ್ರ.

ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ಕೆಲಸದ ಅನುಕ್ರಮಕ್ಕೆ ಎಲ್ಲಕ್ಕಿಂತ ಹೆಚ್ಚಿನ ಮಹತ್ವವಿದೆ. ಬೀಳುತ್ತಿರುವುದು ಮಳೆಯ ನೀರೋ ಎಸಿಯೇ ಉತ್ಪಾದಿಸಿದ ನೀರೋ ಎಂಬುದು ಖಚಿತವಾಗುವವರೆಗೆ ಸೀಲೆಂಟ್ (ಸಂದಿ ಮುಚ್ಚುವ ಅಂಟು) ಗನ್ನನ್ನು ಕೈಗೆತ್ತಿಕೊಳ್ಳಬೇಡಿ.

ನೀರು ಹೋಗಬೇಕಾದ ದಾರಿ

ಇಲ್ಲಿ ಹೇಳುತ್ತಿರುವುದು ಚಾವಣಿಯಲ್ಲಿ ಸುಮಾರು 14 ಅಂಗುಲದ ಚೌಕಾಕಾರದ ಕಿಂಡಿ ಕೊರೆದು, ಅದರ ಮೇಲೆ ಒಂದೇ ಪೆಟ್ಟಿಗೆಯಂತೆ ಕೂರಿಸುವ ಎಸಿಯ ಬಗ್ಗೆ. ಕಿಂಡಿಯ ಅಂಚಿಗೆ ಫೋಮ್‌ನ ಗ್ಯಾಸ್ಕೆಟ್, ಅಂದರೆ ನೀರು ಒಳಬರದಂತೆ ತಡೆಯುವ ಮೆತ್ತನೆಯ ಪಟ್ಟಿ ಇರುತ್ತದೆ. ಒಳಗಿನಿಂದ ಹಾಕಿದ ನಾಲ್ಕು ಬೋಲ್ಟ್‌ಗಳು ಎಸಿಯನ್ನು ಕೆಳಕ್ಕೆ ಎಳೆದು ಗ್ಯಾಸ್ಕೆಟ್ಟನ್ನು ಒತ್ತಿ ಹಿಡಿಯುತ್ತವೆ. ಮೇಲಿನ ಪ್ಲಾಸ್ಟಿಕ್ ಹೊದಿಕೆ ಮಳೆಯನ್ನು ಪೂರ್ತಿಯಾಗಿ ತಡೆಯುವುದಿಲ್ಲ. ಒಳನುಗ್ಗಿದ ಮಳೆಯ ನೀರು ತಳದ ತಟ್ಟೆಗೆ ಬಿದ್ದು, ಅಲ್ಲಿನ ರಂಧ್ರಗಳ ಮೂಲಕ ಚಾವಣಿಗೆ ಇಳಿದು ಹರಿದುಹೋಗಬೇಕು. ಗಾಳಿಯನ್ನು ತಂಪುಮಾಡುವ ಕೂಲಿಂಗ್ ಕಾಯಿಲ್ ಮೇಲೆ ಸಾಂದ್ರೀಕರಿಸಿದ ನೀರಿಗೂ ಅದೇ ದಾರಿ. 13,500 ಬಿಟಿಯು ಸಾಮರ್ಥ್ಯದ, ಅಂದರೆ ಒಂದು ಟನ್ನಿಗಿಂತ ತುಸು ದೊಡ್ಡದಾದ ಎಸಿ, ಸೆಕೆ ಮತ್ತು ತೇವ ಎರಡೂ ಹೆಚ್ಚಿರುವ ದಿನ ಗಂಟೆಗೆ ಒಂದು ಲೀಟರಿಗೂ ಮೀರಿ ನೀರು ಇಳಿಸಬಲ್ಲದು.

ಬೆಂಗಳೂರಿನವರು ಇಲ್ಲಿ ಮೋಸಹೋಗುವುದು ಸುಲಭ. ನಮ್ಮ ಮಾರ್ಚ್ ತಿಂಗಳ ಒಣ ಸೆಕೆಯಲ್ಲಿ ಎಸಿ ಇಳಿಸುವ ನೀರು ತೀರಾ ಕಡಿಮೆ, ಹಾಗಾಗಿ ದೋಷ ಅಡಗಿಕೊಂಡಿರುತ್ತದೆ. ಅದೇ ವಾಹನ ಶಿರಾಡಿ ಘಾಟಿ ಇಳಿದು ಮಂಗಳೂರಿನ ಕಡಲತೀರದಲ್ಲಿ ಒಂದು ರಾತ್ರಿ ನಿಂತರೆ ಬೆಳಗಾಗುವಷ್ಟರಲ್ಲಿ ನೆಲ ಒದ್ದೆಯಾಗಿರುತ್ತದೆ. ಊರಲ್ಲಿ ಸೋರದೆ ಕರಾವಳಿಯಲ್ಲಿ ಮಾತ್ರ, ಅದೂ ಮಳೆಯಿಲ್ಲದ ರಾತ್ರಿ ಸೋರಿದರೆ, ಅದು ಎಸಿಯದೇ ನೀರು.

ಬೇಕಾಗುವ ಸಲಕರಣೆಗಳು

ಗಟ್ಟಿಯಾದ ಏಣಿ, ಮೇಸ್ತ್ರಿಗಳು ಬಳಸುವ ರಸಮಟ್ಟ, ಟಾರ್ಚ್, ಸ್ಕ್ರೂಡ್ರೈವರ್, ಸಾಕೆಟ್ ಸೆಟ್, ಕಡಿಮೆ ಬಿಗಿತವನ್ನೂ ಅಳೆಯಬಲ್ಲ ಟಾರ್ಕ್ ವ್ರೆಂಚ್, ಮಿಲಿಮೀಟರ್ ಗುರುತಿನ ಉಕ್ಕಿನ ಸ್ಕೇಲ್, ಮೃದುವಾದ ಬ್ರಷ್, ಪ್ಲಾಸ್ಟಿಕ್ ಕೆರೆಪಟ್ಟಿ, ಅಡುಗೆಮನೆಯ ಟಿಶ್ಯೂ, ಚಿಕ್ಕ ಥರ್ಮಾಮೀಟರ್, ಅಲ್ಯೂಮಿನಿಯಂ ಫಾಯಿಲ್ ಟೇಪ್, ಬ್ಯೂಟೈಲ್ ಟೇಪ್ (ನೀರು ತಡೆಯುವ ಅಂಟುರಬ್ಬರಿನ ಪಟ್ಟಿ), ಐಸೋಪ್ರೊಪೈಲ್ ಆಲ್ಕೋಹಾಲ್ ಮತ್ತು ಬಟ್ಟೆಗೆ ಹಾಕುವ ನೀಲಿ. ಇವೆಲ್ಲವೂ ಬೆಂಗಳೂರಿನ ಎಸ್.ಪಿ. ರಸ್ತೆ ಮತ್ತು ಜೆ.ಸಿ. ರಸ್ತೆಯನ್ನು ಒಮ್ಮೆ ಸುತ್ತಿದರೆ ಸಿಗುತ್ತವೆ.

ಗ್ಯಾಸ್ಕೆಟ್ ವಿಷಯದಲ್ಲಿ ಮಾತ್ರ ರಾಜಿ ಬೇಡ. ನಿಮ್ಮ ಎಸಿಯ ಮಾದರಿಗೆಂದೇ ಮಾಡಿದ ಗ್ಯಾಸ್ಕೆಟ್ಟನ್ನೇ ತರಿಸಿಕೊಳ್ಳಿ. ಸೀಟಿಗೆ ಹಾಕುವ ಸ್ಪಂಜನ್ನು ಅಳತೆಗೆ ಕತ್ತರಿಸಿ ಕೂರಿಸಿರುವುದನ್ನು ಹಲವು ವಾಹನಗಳಲ್ಲಿ ನೋಡಿದ್ದೇನೆ. ಆ ಸ್ಪಂಜು ನೀರನ್ನು ತಡೆಯುವ ಬದಲು ಕುಡಿಯುತ್ತದೆ, ಕುಡಿದ ನೀರನ್ನು ವಾರಗಟ್ಟಲೆ ಪ್ಲೈವುಡ್ಡಿಗೆ ಉಣಿಸುತ್ತದೆ.

ಏಣಿ ಹತ್ತುವ ಮೊದಲು

ಹೊರಗಿನ ವಿದ್ಯುತ್ ಸಂಪರ್ಕ, ಜನರೇಟರ್, ಇನ್ವರ್ಟರ್ ಮೂರನ್ನೂ ಬೇರ್ಪಡಿಸಿ. ಸ್ವಿಚ್ ಆರಿಸಿದರೆ ಸಾಲದು. ಮೇಲ್ಹೊದಿಕೆಯ ಒಳಗಿರುವ ಕೆಪಾಸಿಟರ್ ವಿದ್ಯುತ್ ಕಡಿದ ಮೇಲೂ ಶಾಕ್ ಹೊಡೆಯುವಷ್ಟು ಚಾರ್ಜ್ ಹಿಡಿದುಕೊಂಡಿರುತ್ತದೆ. ವೈರಿಂಗ್ ಪೆಟ್ಟಿಗೆಯ ಒಳಗೆ ಕೈಹಾಕಬೇಕಾದ ಕೆಲಸವಿದ್ದರೆ ಎಲೆಕ್ಟ್ರಿಷಿಯನ್‌ಗೆ ಒಪ್ಪಿಸಿ. ನಮ್ಮ ಬೀದಿಗಳಲ್ಲಿ ವಿದ್ಯುತ್ ತಂತಿಗಳು ತಗ್ಗಿನಲ್ಲೇ ಹಾದುಹೋಗುವುದರಿಂದ, ನಿಮ್ಮ ತಲೆಯ ಮೇಲೆ ಏನಿದೆ ಎಂದು ನೋಡಿಯೇ ವಾಹನವನ್ನು ನಿಲ್ಲಿಸಿ. ಚಾವಣಿಯ ಮೇಲೆ ನಡೆಯುವಾಗ ಒಳಗಿನ ಉಕ್ಕಿನ ಅಡ್ಡಪಟ್ಟಿಗಳಿಗೆ ಆನಿಸುವಂತೆ ಹಲಗೆ ಹಾಸಿಕೊಳ್ಳಿ, ಒದ್ದೆ ಚಾವಣಿಗೆ ಕಾಲಿಡಬೇಡಿ.

ಹಂತ 1: ವಾಹನವನ್ನು ಮಟ್ಟವಾಗಿ ನಿಲ್ಲಿಸಿ

ರಸಮಟ್ಟವನ್ನು ನೆಲದ ಮೇಲೆ ಉದ್ದಕ್ಕೂ ಅಡ್ಡಕ್ಕೂ ಇಟ್ಟು ನೋಡಿ. ವಾಹನ ಒಂದು ಬದಿಗೆ ಓಲಿದ್ದರೆ ತಟ್ಟೆಯ ನೀರು ರಂಧ್ರವಿಲ್ಲದ ಮೂಲೆಗೆ ಸೇರಿ, ಅಂಚು ದಾಟಿ ಒಳಗೆ ಬೀಳುತ್ತದೆ. ಇಳಿಜಾರಿನ ಬೀದಿಯಲ್ಲಿ ನಿಲ್ಲಿಸಿದಾಗ ಮಾತ್ರ ಸೋರುವ ವಾಹನಕ್ಕೆ ಚಕ್ರದಡಿ ಹಲಗೆ ಕೊಟ್ಟು ಮಟ್ಟ ಮಾಡಿ, ಅರ್ಧ ದಿನ ಎಸಿ ಓಡಿಸಿ. ಸೋರಿಕೆ ನಿಂತರೂ 4ನೇ ಹಂತದ ರಂಧ್ರಗಳನ್ನು ಒಮ್ಮೆ ನೋಡಿಬಿಡಿ, ಏಕೆಂದರೆ ಆರೋಗ್ಯವಾಗಿರುವ ತಟ್ಟೆ ಅಲ್ಪಸ್ವಲ್ಪ ಓಲಾಟವನ್ನು ತಾಳಿಕೊಳ್ಳಬೇಕು.

ಹಂತ 2: ಯಾವ ನೀರೆಂದು ತೀರ್ಮಾನಿಸಿ

ಇದೇ ನಿರ್ಣಾಯಕ ಹಂತ, ಜನ ಹಾರಿಬಿಡುವುದೂ ಇದನ್ನೇ. ಎರಡು ಪರೀಕ್ಷೆಗಳಿವೆ. ಎರಡನ್ನೂ ಬೇರೆ ಬೇರೆ ದಿನ ಮಾಡಬೇಕು, ಒಂದರ ತೇವ ಇನ್ನೊಂದರ ಫಲಿತಾಂಶವನ್ನು ಕೆಡಿಸಬಾರದು.

*ಒಣ ಪರೀಕ್ಷೆ.* ಕನಿಷ್ಠ ಎರಡು ದಿನ ಮಳೆ ಬಾರದೆ ಚಾವಣಿ ಒಣಗಿರುವಾಗ, ಒಳಗಿನ ಮುಚ್ಚಳದ ನಾಲ್ಕೂ ಮಗ್ಗುಲಿಗೆ ಟಿಶ್ಯೂ ಅಂಟಿಸಿ, ಎಸಿಯನ್ನು ಎರಡರಿಂದ ಮೂರು ಗಂಟೆ ಓಡಿಸಿ. ಗಾಳಿ ಒಣಗಿರುವ ತಿಂಗಳಾದರೆ ಒಳಗೆ ಒಂದು ಅಗಲವಾದ ಪಾತ್ರೆಯಲ್ಲಿ ಬಿಸಿನೀರು ಇಟ್ಟು ತೇವಾಂಶ ಹೆಚ್ಚಿಸಿ, ಇಲ್ಲದಿದ್ದರೆ ಪರೀಕ್ಷೆ ಸುಳ್ಳು ಭರವಸೆ ಕೊಡುತ್ತದೆ. ನಡುವೆ ಹೊರಗೆ ಬಂದು ಚಾವಣಿಯ ಅಂಚನ್ನು ನೋಡಿ. ಅಲ್ಲಿ ನೀರು ಹನಿಯುತ್ತಿದ್ದರೆ ದಾರಿ ತೆರೆದಿದೆ ಎಂದರ್ಥ, ಗಾಬರಿಪಡಬೇಕಾಗಿಲ್ಲ. ಹೊರಗೆ ಹನಿಯೇ ಇಲ್ಲದೆ ಒಳಗಿನ ಟಿಶ್ಯೂ ಒದ್ದೆಯಾದರೆ ರಂಧ್ರಗಳು ಕಟ್ಟಿವೆ. ಎಸಿ ಓಡುವಾಗ ಹನಿಯದೆ, ಆರಿಸಿದ ಹತ್ತು ನಿಮಿಷದಲ್ಲಿ ದಬದಬನೆ ನೀರು ಬಿದ್ದರೆ ಕಾಯಿಲ್ ಮೇಲೆ ಮಂಜುಗಡ್ಡೆ ಕಟ್ಟಿ ಕರಗುತ್ತಿದೆ.

*ಒದ್ದೆ ಪರೀಕ್ಷೆ.* ಎಸಿ ಆರಿಸಿ, ಹೊಸ ಟಿಶ್ಯೂ ಅಂಟಿಸಿ, ಚಾವಣಿಗೆ ನೀರು ಹಾಕಬೇಕು. ಇದಕ್ಕೆ ಕಾವೇರಿ ನೀರಿನ ಕೊಳಾಯಿ ಹಚ್ಚಬೇಡಿ. 2024ರ ಮಾರ್ಚ್‌ನ ನೀರಿನ ಬಿಕ್ಕಟ್ಟಿನಲ್ಲಿ ಬೆಂಗಳೂರು ಜಲಮಂಡಳಿ ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನೇ ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತ್ತು. ದಂಡದ ಮಾತು ಹಾಗಿರಲಿ, ಈ ಕೆಲಸಕ್ಕೆ ಕೊಳಾಯಿ ಬೇಕಾಗಿಯೇ ಇಲ್ಲ. ಸಂಗ್ರಹಿಸಿದ ಮಳೆನೀರು ನಾಲ್ಕೈದು ಬಕೆಟ್ ಮತ್ತು ಸಸಿಗಳಿಗೆ ನೀರೆರೆಯುವ ರೋಸ್ ಕ್ಯಾನ್ ಇದ್ದರೆ ಸಾಕು. ವಾಟರ್ ಸರ್ವಿಸ್ ಮಾಡುವವರ ಪ್ರೆಷರ್ ಗನ್ನನ್ನಂತೂ ಬಳಸಲೇಬೇಡಿ. ಮಳೆ ಎಂದೂ ಹೋಗದ ಸಂದಿಗೆ ಅದು ನೀರು ನುಗ್ಗಿಸಿ ನಿಮ್ಮನ್ನು ದಾರಿ ತಪ್ಪಿಸುತ್ತದೆ.

ಚಾವಣಿಯ ತಗ್ಗಾದ ಕಡೆಯಿಂದ ಆರಂಭಿಸಿ, ಒಂದೊಂದು ಜಾಗಕ್ಕೂ ಹತ್ತು ನಿಮಿಷ ನೀರು ಹಾಕುತ್ತಾ ಮೇಲಕ್ಕೆ ಬನ್ನಿ: ಅಂಚಿನ ಜೋಡಣೆ, ಸೋಲಾರ್ ಪ್ಯಾನೆಲ್‌ನ ಕಾಲುಗಳು, ಗಾಳಿಕಿಂಡಿ, ಆಂಟೆನಾ, ಎಲ್ಲಕ್ಕಿಂತ ಕೊನೆಗೆ ಎಸಿಯ ಬುಡ. ಒಳಗೆ ಒಬ್ಬರು ಟಾರ್ಚ್ ಹಿಡಿದು ಕುಳಿತಿರಬೇಕು, ಟಿಶ್ಯೂ ಒದ್ದೆಯಾದ ಕೂಡಲೇ ಕೂಗಿ ಹೇಳಬೇಕು. ಒಂದೇ ಸಲಕ್ಕೆ ಇಡೀ ಚಾವಣಿ ತೋಯಿಸಿದರೆ ಸೋರುತ್ತದೆ ಎಂಬ, ನಿಮಗೆ ಮೊದಲೇ ಗೊತ್ತಿದ್ದ ಸಂಗತಿಯ ಹೊರತು ಬೇರೇನೂ ತಿಳಿಯುವುದಿಲ್ಲ.

ಹಂತ 3: ಒಳಗಿನ ಮುಚ್ಚಳ ತೆಗೆದು ನೋಡಿ

ಫಿಲ್ಟರ್ ಹಿಂದಿನ ಸ್ಕ್ರೂಗಳನ್ನು ಬಿಚ್ಚಿದರೆ ಮುಚ್ಚಳ ಕೈಗೆ ಬರುತ್ತದೆ. ಟಾರ್ಚ್ ಬೆಳಕಿನಲ್ಲಿ ನೀರಿನ ಗೆರೆಗಳನ್ನು ಗಮನಿಸಿ. ಕಿಂಡಿಯ ಅಂಚಿನ ಪ್ಲೈವುಡ್ ಒಂದೇ ಮಗ್ಗುಲಲ್ಲಿ ಕಪ್ಪಾಗಿದ್ದರೆ ಆ ಮಗ್ಗುಲಿನ ಗ್ಯಾಸ್ಕೆಟ್ ಸಂಶಯಾಸ್ಪದ. ಅಂಚು ಒಣಗಿದ್ದು, ಚಾವಣಿಯ ಎರಡು ಪದರಗಳ ನಡುವಿನಿಂದ ನೀರು ಬರುತ್ತಿದ್ದರೆ ಮೂಲ ಬೇರೆಲ್ಲೋ ಇದೆ. ದೂರದ ಒಂದು ಸ್ಕ್ರೂ ತೂತಿನಿಂದ ಹೊಕ್ಕ ನೀರು ಅಡ್ಡಪಟ್ಟಿಯ ಮೇಲೆ ಹರಿದುಬಂದು, ಎಸಿಯ ಕಿಂಡಿ ಸಿಕ್ಕಿದ ಕೂಡಲೇ ಕೆಳಗೆ ಬೀಳುತ್ತದೆ. ಆಗ ಎಸಿ ನಿರಪರಾಧಿ. ಕಾಯಿಲ್‌ನ ಅಡಿಯ ತಟ್ಟೆಯಿಂದ ನೇರವಾಗಿ ಹನಿ ಬೀಳುತ್ತಿದ್ದರೆ ಮುಂದಿನ ಹಂತಕ್ಕೆ ಹೋಗಿ.

ಹಂತ 4: ಎಸಿಯದೇ ನೀರಾದರೆ

ಕಳೆದ ಬೇಸಿಗೆಯಲ್ಲಿ ನಾನು ನೋಡಿದ ಒಂದು ವಾಹನದ ಬುಡಕ್ಕೆ ಮೂರು ಸಲ ಸಿಲಿಕೋನ್ ಬಳಿಯಲಾಗಿತ್ತು. ಮೇಲ್ಹೊದಿಕೆ ತೆಗೆದಾಗ ತಟ್ಟೆಯ ತುಂಬ ಕಂದುಬಣ್ಣದ ನೀರು ನಿಂತಿತ್ತು. ವಾಹನ ಹೊಂಗೆ ಮರದ ಕೆಳಗೆ ನಿಲ್ಲುತ್ತಿತ್ತು. ಹೊಂಗೆಯ ಹೂವು ಚಿಕ್ಕದು. ಹೊದಿಕೆಯ ಜಾಲರಿಯಿಂದ ಸಲೀಸಾಗಿ ಒಳಗೆ ಉದುರಿ, ರಸ್ತೆಯ ಧೂಳಿನೊಂದಿಗೆ ಕಲೆತು, ರಂಧ್ರದ ಬಾಯಲ್ಲಿ ಸಗಣಿ ಸಾರಿಸಿದಂತೆ ಗಟ್ಟಿಯಾಗಿ ಕುಳಿತಿತ್ತು. ಒಂದು ಪೊರಕೆಕಡ್ಡಿಯಿಂದ ಅದನ್ನು ಎಬ್ಬಿಸಿದ ಕ್ಷಣ ನೀರು ಸರ್ರನೆ ಇಳಿಯಿತು, ಆದರೆ ಸುತ್ತಲಿನ ಸಿಲಿಕೋನ್ ಕಟ್ಟೆಯೊಳಗೇ ನಿಂತುಬಿಟ್ಟಿತು. ರಂಧ್ರ ಬಿಡಿಸಲು ಐದು ನಿಮಿಷ ಸಾಕಾಯಿತು, ಸಿಲಿಕೋನ್ ಕೆರೆಯಲು ಇಡೀ ಮಧ್ಯಾಹ್ನ ಹಿಡಿಯಿತು.

*ರಂಧ್ರಗಳು.* ಮೇಲ್ಹೊದಿಕೆಯ ಸ್ಕ್ರೂ ಬಿಚ್ಚಿ ಎತ್ತಿ. ಎಲೆ, ಹೂವು, ಕಣಜದ ಮಣ್ಣಿನ ಗೂಡು ಇವನ್ನು ಕೈಯಿಂದ ತೆಗೆದು, ತಟ್ಟೆಯನ್ನು ಬ್ರಷ್‌ನಿಂದ ಉಜ್ಜಿ. ರಂಧ್ರಕ್ಕೆ ಚೂಪಾದ ಕಂಬಿ ತುರುಕಬೇಡಿ; ತಟ್ಟೆ ತೂತಾದರೆ ಅಥವಾ ಪಕ್ಕದ ತಾಮ್ರದ ಕೊಳವೆಗೆ ತಾಗಿದರೆ ಗ್ಯಾಸ್ ಹೋಗುತ್ತದೆ. ಅನಂತರ ಒಂದು ಲೋಟ ನೀರಿಗೆ ಎರಡು ಹನಿ ನೀಲಿ ಬೆರೆಸಿ ಕಾಯಿಲ್ ಕೆಳಗಿನ ತಟ್ಟೆಗೆ ಮೆಲ್ಲಗೆ ಸುರಿಯಿರಿ. ನೀಲಿ ನೀರು ಚಾವಣಿಯ ಮೇಲೆ ಕಂಡರೆ ದಾರಿ ತೆರೆದಿದೆ. ಒಳಗಿನ ಟಿಶ್ಯೂ ನೀಲಿಯಾದರೆ ತಟ್ಟೆ ಬಿರುಕುಬಿಟ್ಟಿದೆ, ಅದನ್ನು ಬದಲಿಸಬೇಕು. ಟೆಂಪೊ ಟ್ರಾವೆಲರ್ ಮಾದರಿಯ ಕೆಲವು ವಾಹನಗಳಲ್ಲಿ ರಂಧ್ರಗಳ ಬದಲು ಕಂಬಗಳೊಳಗೆ ಇಳಿಯುವ ಡ್ರೈನ್ ಪೈಪುಗಳಿರುತ್ತವೆ. ಅವುಗಳಿಗೆ ಕೆಳತುದಿಯಿಂದ ಸೈಕಲ್ ಪಂಪಿನಷ್ಟು ಮೆದುವಾದ ಗಾಳಿ ಹೊಡೆಯಿರಿ. ಪಂಚರ್ ಅಂಗಡಿಯ ಕಂಪ್ರೆಸರ್ ಹಚ್ಚಿದರೆ ಒಳಗಿನ ಜೋಡಣೆ ಕಳಚಿಕೊಳ್ಳುತ್ತದೆ.

ಬ್ರೇಕ್ ಒತ್ತಿದಾಗ ಅಥವಾ ರಸ್ತೆಯುಬ್ಬು ಹತ್ತಿದಾಗ ಮಾತ್ರ ಒಂದು ಲೋಟದಷ್ಟು ನೀರು ಒಮ್ಮೆಲೇ ಸುರಿದರೆ, ಅದು ತಟ್ಟೆ ತುಂಬಿ ನಿಂತಿರುವುದರ ಸ್ಪಷ್ಟ ಸೂಚನೆ.

*ಮಂಜುಗಡ್ಡೆ.* ಇದಕ್ಕೆ ಸಾಮಾನ್ಯ ಕಾರಣ ಕೊಳೆಯಾದ ಫಿಲ್ಟರ್. ಗಾಳಿ ಸಾಕಷ್ಟು ಹರಿಯದೆ ಕಾಯಿಲ್ ಸೊನ್ನೆ ಡಿಗ್ರಿಗಿಂತ ಕೆಳಗಿಳಿದು, ಅದರ ಮೇಲಿನ ತೇವ ಹೆಪ್ಪುಗಟ್ಟುತ್ತದೆ. ಫಿಲ್ಟರನ್ನು ತೊಳೆದು ನೆರಳಿನಲ್ಲಿ ಒಣಗಿಸಿ, ಕಾಯಿಲ್‌ನ ಫಿನ್‌ಗಳನ್ನು (ತೆಳು ಲೋಹದ ಪಟ್ಟಿಗಳನ್ನು) ಮೃದು ಬ್ರಷ್‌ನಿಂದ ಅವುಗಳ ಉದ್ದಕ್ಕೇ ಉಜ್ಜಿ, ತೇವ ಹೆಚ್ಚಿರುವ ರಾತ್ರಿ ಫ್ಯಾನನ್ನು ಅತಿ ಕಡಿಮೆ ವೇಗದಲ್ಲಿ ಇಟ್ಟು ಮಲಗಬೇಡಿ. ಆಮೇಲೆ ಥರ್ಮಾಮೀಟರ್ ಬಳಸಿ: ಎಸಿ ಒಳಗೆ ಎಳೆದುಕೊಳ್ಳುವ ಗಾಳಿಗೂ ಹೊರಗೆ ಊದುವ ಗಾಳಿಗೂ ಸುಮಾರು 8ರಿಂದ 12 ಡಿಗ್ರಿ ಸೆಲ್ಸಿಯಸ್ ಅಂತರ ಇರಬೇಕು. ಫಿಲ್ಟರ್, ಫ್ಯಾನ್, ಕಾಯಿಲ್ ಎಲ್ಲ ಶುಚಿಯಾಗಿದ್ದೂ ಅಂತರ ತೀರಾ ಕಡಿಮೆಯಿದ್ದು, ಕಾಯಿಲ್‌ನ ಒಂದು ಭಾಗದಲ್ಲಿ ಮಾತ್ರ ಮಂಜು ಕಟ್ಟಿದರೆ ಗ್ಯಾಸ್ ಕಡಿಮೆಯಾಗಿರುವ ಸಾಧ್ಯತೆ ಹೆಚ್ಚು.

*ತಂಪು ಗಾಳಿಯ ಸೋರಿಕೆ.* ಕಿಂಡಿಯ ಒಳಗೆ ತಂಪು ಗಾಳಿ ಹೊರಡುವ ಭಾಗಕ್ಕೂ ಬಿಸಿ ಗಾಳಿ ಒಳಬರುವ ಭಾಗಕ್ಕೂ ನಡುವೆ ಒಂದು ತಡೆ ಇರುತ್ತದೆ. ಅದರ ಅಂಚು ಬಿಟ್ಟುಕೊಂಡರೆ ತಂಪು ಗಾಳಿ ಚಾವಣಿಯ ಪದರದೊಳಗೆ ನುಗ್ಗಿ, ಅಲ್ಲಿನ ಲೋಹದ ಮೇಲೆ ಬೆವರಿನಂತೆ ನೀರು ಮೂಡುತ್ತದೆ. ಸಂದಿಗಳನ್ನೆಲ್ಲ ಒರೆಸಿ ಒಣಗಿಸಿ ಅಲ್ಯೂಮಿನಿಯಂ ಫಾಯಿಲ್ ಟೇಪ್ ಹಾಕಿ. ಬಟ್ಟೆಯ ಟೇಪು ಒಂದೇ ಬೇಸಿಗೆಯಲ್ಲಿ ಕಿತ್ತುಬರುತ್ತದೆ.

ಹಂತ 5: ಮಳೆಯ ನೀರಾದರೆ, ಎಸಿಯನ್ನು ಕೊನೆಗೆ ಮುಟ್ಟಿ

ಒದ್ದೆ ಪರೀಕ್ಷೆಯಲ್ಲಿ ಬೇರೆ ಜಾಗ ಸಿಕ್ಕಿಬಿದ್ದಿದ್ದರೆ ಅದನ್ನು ಮೊದಲು ಮುಗಿಸಿ. ಸ್ಕ್ರೂ ಬಿಚ್ಚಿ, ಹಳೆಯ ಸೀಲೆಂಟನ್ನು ಪೂರ್ತಿ ಕೆರೆದು, ಆಲ್ಕೋಹಾಲ್‌ನಿಂದ ಒರೆಸಿ, ಅಡಿಗೆ ಬ್ಯೂಟೈಲ್ ಟೇಪ್ ಕೊಟ್ಟು ಮರಳಿ ಬಿಗಿದು, ಸ್ಕ್ರೂವಿನ ತಲೆಯ ಮೇಲೆ ನಿಮ್ಮ ಚಾವಣಿಯ ವಸ್ತುವಿಗೆ ಹೊಂದುವ ಸೀಲೆಂಟ್ ಹಾಕಿ. ಲೋಹ ಅಥವಾ ಫೈಬರ್ ಚಾವಣಿಗೆ ಪಾಲಿಯುರಿಥೇನ್ ಸೀಲೆಂಟ್ ಚೆನ್ನಾಗಿ ಹಿಡಿಯುತ್ತದೆ. ಆಮದಾದ ವಾಹನದ ರಬ್ಬರ್ ಹೊದಿಕೆಗೆ ಅದರ ತಯಾರಕರು ಹೇಳಿದ್ದನ್ನೇ ಬಳಸಬೇಕು, ಪೆಟ್ರೋಲ್ ಅಥವಾ ಥಿನ್ನರ್ ತಾಗಿಸಬಾರದು. ಕಲ್ಲಿನಂತೆ ಗಟ್ಟಿಯಾಗುವ ಎಪಾಕ್ಸಿ ಪುಟ್ಟಿ ಬೇಡ, ವಾಹನದ ಕುಲುಕಾಟಕ್ಕೆ ಅದು ಬಿರುಕುಬಿಡುತ್ತದೆ. ಸಿಲಿಕೋನ್‌ನ ಪದರ ಉಳಿದಿದ್ದರೆ ಅದರ ಮೇಲೆ ಬೇರೆ ಯಾವ ಸೀಲೆಂಟೂ ಹಿಡಿಯುವುದಿಲ್ಲ.

ಮೇಲ್ಹೊದಿಕೆಯನ್ನೂ ನೋಡಿ. ತಗ್ಗಿದ ಕೊಂಬೆಗಳು ಬಡಿದು ಒಡೆದಿದ್ದರೆ ತಟ್ಟೆಗೆ ಬೀಳುವ ಮಳೆಯ ಪ್ರಮಾಣ ಅದರ ಶಕ್ತಿಗೆ ಮೀರುತ್ತದೆ.

ಹಂತ 6: ಗ್ಯಾಸ್ಕೆಟ್ ಬಿಗಿಸುವುದು ಅಥವಾ ಬದಲಿಸುವುದು

ಒಳಗಿನಿಂದ ಸ್ಕೇಲ್ ಹಿಡಿದು ನಾಲ್ಕೂ ಮೂಲೆಗಳಲ್ಲಿ ಗ್ಯಾಸ್ಕೆಟ್‌ನ ದಪ್ಪ ಅಳೆಯಿರಿ. ಹೊಸದು ಸುಮಾರು 25 ಮಿಲಿಮೀಟರ್ ಇರುತ್ತದೆ. ಸರಿಯಾಗಿ ಬಿಗಿದಾಗ ಅರ್ಧಕ್ಕೆ, ಅಂದರೆ 12ರಿಂದ 13 ಮಿಲಿಮೀಟರಿಗೆ ಕುಗ್ಗಿರಬೇಕು. ಒಂದು ಮೂಲೆಯಲ್ಲಿ 18, ಇನ್ನೊಂದರಲ್ಲಿ 12 ಇದ್ದರೆ ಬೋಲ್ಟ್ ಸಡಿಲವಾಗಿದೆ. ಎಲ್ಲ ಕಡೆಯೂ 12ಕ್ಕಿಂತ ಬಹಳ ಕಡಿಮೆಯಿದ್ದರೆ ಫೋಮ್ ಸತ್ತಿದೆ, ಇನ್ನೂ ಬಿಗಿದರೆ ಪ್ರಯೋಜನವಿಲ್ಲ.

ಬಿಗಿಯುವಾಗ ಎದುರುಬದುರು ಮೂಲೆಗಳ ಅನುಕ್ರಮದಲ್ಲಿ, ಒಂದೊಂದು ಬೋಲ್ಟಿಗೂ ಅರ್ಧ ಸುತ್ತಿನಂತೆ ಹೋಗಿ. ಪ್ರಚಲಿತ ಮಾದರಿಗಳಲ್ಲಿ ಬೇಕಾದ ಬಿಗಿತ ಸುಮಾರು 4.5ರಿಂದ 5.5 ನ್ಯೂಟನ್-ಮೀಟರ್ ಮಾತ್ರ; ನಿಮ್ಮ ಎಸಿಯ ಕೈಪಿಡಿ ಬೇರೆ ಅಂಕಿ ಹೇಳಿದರೆ ಅದೇ ಅಂತಿಮ. ಚಕ್ರದ ನಟ್ಟು ಬಿಗಿಯುವ ಕೈಯಿಂದ ಇದನ್ನು ಬಿಗಿದರೆ ಚಾವಣಿ ಬಾಗಿ, ಬುಡದ ಸುತ್ತ ನೀರು ನಿಲ್ಲುವ ತಗ್ಗು ಉಂಟಾಗುತ್ತದೆ.

ಬದಲಿಸಬೇಕಾದರೆ ಇಬ್ಬರು ಬೇಕು, ಎಸಿಯ ತೂಕ ಸಾಮಾನ್ಯವಾಗಿ 35ರಿಂದ 50 ಕಿಲೋ ಇರುತ್ತದೆ. ವಿದ್ಯುತ್ ಪ್ಲಗ್ ಬಿಡಿಸಿ, ಬೋಲ್ಟ್ ತೆಗೆದು, ನೇರವಾಗಿ ಮೇಲೆತ್ತಿ ಪಕ್ಕದ ಹಲಗೆಯ ಮೇಲಿಡಿ. ಇಡೀ ಘಟಕ ಒಂದೇ ಪೆಟ್ಟಿಗೆಯಾದ್ದರಿಂದ ಗ್ಯಾಸ್ ಕೊಳವೆ ಬಿಚ್ಚುವ ಪ್ರಮೇಯ ಬರುವುದಿಲ್ಲ. ಚಾವಣಿಯನ್ನು ಶುಚಿಮಾಡಿ, ಕಿಂಡಿಗೆ ಅಡ್ಡಲಾಗಿ ರಸಮಟ್ಟದ ಪಟ್ಟಿ ಇಟ್ಟು ತಗ್ಗಿದೆಯೇ ನೋಡಿ. ತಗ್ಗಿದ್ದರೆ ಬಾಡಿ ಕಟ್ಟುವವರಿಂದ ಒಳಚೌಕಟ್ಟಿಗೆ ಉಕ್ಕಿನ ಆಧಾರ ಕೊಡಿಸಿದ ಮೇಲೆಯೇ ಮುಂದುವರಿಯಿರಿ, ಇಲ್ಲದಿದ್ದರೆ ಹೊಸ ಗ್ಯಾಸ್ಕೆಟ್ಟೂ ಒಂದೇ ಮಳೆಗಾಲ ಬಾಳುತ್ತದೆ. ಹೊಸ ಗ್ಯಾಸ್ಕೆಟ್‌ಗೆ ಸೀಲೆಂಟ್ ಬಳಿಯಬೇಡಿ. ಎಸಿಯನ್ನು ಅದರ ಮೇಲೆ ನೇರವಾಗಿ ಇಳಿಸಿ. ಒಂದೆರಡು ಅಂಗುಲ ಸರಿಸಲೆಂದು ಎಳೆದರೂ ಫೋಮ್ ಮಡಚಿಕೊಳ್ಳುತ್ತದೆ. ಸ್ಥಾನ ತಪ್ಪಿದರೆ ಮತ್ತೆ ಎತ್ತಿ ಇಡಿ.

ಹಂತ 7: ಒಣಗಿಸಿ, ಮತ್ತೆ ಪರೀಕ್ಷಿಸಿ, ಆಮೇಲೆ ಮುಚ್ಚಿ

ಒಳಗಿನ ಮುಚ್ಚಳವನ್ನು ಅಂದೇ ಹಾಕಬೇಡಿ. ಪ್ಲೈವುಡ್ ಮತ್ತು ಶಾಖನಿರೋಧಕ ಪದರ ಕುಡಿದ ನೀರು ಆರಲು ಟೇಬಲ್ ಫ್ಯಾನಿನ ಗಾಳಿಗೂ ಮೂರು ನಾಲ್ಕು ದಿನ ತೆಗೆದುಕೊಳ್ಳುತ್ತದೆ, ಜುಲೈ ತಿಂಗಳ ಜಡಿಮಳೆಯಲ್ಲಾದರೆ ಇನ್ನೂ ಹೆಚ್ಚು. ಒತ್ತಿದರೆ ಬೆರಳು ಇಳಿಯುವ ಪ್ಲೈವುಡ್ಡನ್ನು ಕತ್ತರಿಸಿ ತೆಗೆಯಲೇಬೇಕು, ಏಕೆಂದರೆ ಬೋಲ್ಟ್‌ಗಳ ಎಳೆತವನ್ನು ತಡೆದುಕೊಳ್ಳಬೇಕಾದ ಜಾಗ ಅದು. ಬೂಷ್ಟಿನ ವಾಸನೆ ಉಳಿದಿದ್ದರೆ ಒಳಗೆ ಇನ್ನೂ ತೇವವಿದೆ. ಎಲ್ಲ ಒಣಗಿದ ಮೇಲೆ 2ನೇ ಹಂತದ ಎರಡೂ ಪರೀಕ್ಷೆಗಳನ್ನು ಮೊದಲಿನಿಂದ ಮಾಡಿ, ಟಿಶ್ಯೂ ಗರಿಗರಿಯಾಗಿಯೇ ಉಳಿದರೆ ಮುಚ್ಚಳ ಹಾಕಿ.

ತಂತ್ರಜ್ಞರನ್ನು ಕರೆಯಲೇಬೇಕಾದ ಸಂದರ್ಭಗಳು

ಎಸಿಯ ವೈರಿಂಗ್ ಪೆಟ್ಟಿಗೆಯೊಳಗೆ ನೀರು ಕಂಡರೆ, ಎಸಿ ಹಾಕಿದ ಕೂಡಲೇ ಬ್ರೇಕರ್ ಬಿದ್ದರೆ, ವಾಹನದ ಲೋಹ ಮುಟ್ಟಿದಾಗ ಜುಮ್ಮೆಂದರೆ, ಕಾಯಿಲ್ ಅಥವಾ ಕೊಳವೆಯ ಮೇಲೆ ಎಣ್ಣೆಯ ಜಿಡ್ಡು ಕಂಡರೆ ಕೆಲಸ ಅಲ್ಲಿಗೇ ನಿಲ್ಲಿಸಿ. ಜಿಡ್ಡು ಗ್ಯಾಸ್ ಸೋರಿಕೆಯ ಗುರುತು. ಬಂದವರು ಏನನ್ನೂ ನೋಡದೆ ಮೊದಲು ಗ್ಯಾಸ್ ತುಂಬೋಣ ಎಂದರೆ ಒಪ್ಪಬೇಡಿ; ಸೋರುವ ಜಾಗ ಬೆಸೆಯದೆ ತುಂಬಿದ ಗ್ಯಾಸ್ ಮತ್ತೆ ಹೊರಗೇ ಹೋಗುತ್ತದೆ.

ಹೊಸ ಗ್ಯಾಸ್ಕೆಟ್ ಹಾಕಿದ್ದರೆ ಮೊದಲ 500 ಕಿಲೋಮೀಟರ್ ಓಡಿದ ನಂತರ ಬೋಲ್ಟ್‌ಗಳ ಬಿಗಿತವನ್ನೂ ನಾಲ್ಕು ಮೂಲೆಗಳ ದಪ್ಪವನ್ನೂ ಒಮ್ಮೆ ಅಳೆಯಿರಿ. ಏಪ್ರಿಲ್‌ನಲ್ಲಿ ಹೊಂಗೆ ಹೂವು ಉದುರಿ ಮುಗಿದ ಕೂಡಲೇ, ಮುಂಗಾರು ಹಿಡಿಯುವ ಮೊದಲು, ಮೇಲ್ಹೊದಿಕೆ ಎತ್ತಿ ತಟ್ಟೆ ಉಜ್ಜುವುದನ್ನು ಪ್ರತಿ ವರ್ಷದ ಕೆಲಸವಾಗಿ ಬರೆದಿಟ್ಟುಕೊಳ್ಳಿ.